ಹಾಕಿ ತಂಡದ ಎರಡು ಅಂಗಿಗಳು

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಲೇಸು. ನಮ್ಮ ದೇಶದ ವಿದ್ಯಾರ್ಥಿಗಳ ಅತಿ ದೊಡ್ಡ ಹಾಕಿ ಪಂದ್ಯಾವಳಿಗೆ ಯಾವ ಕಾಲೇಜಿನ ತಂಡವೂ ಹೋಗುವುದಿಲ್ಲ. ಅದರ ಹೆಸರೇ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಪಂದ್ಯಾವಳಿ. ಕಾಲೇಜುಗಳು ತಮ್ಮ ತಮ್ಮಲ್ಲಿ ಸೆಣಸುತ್ತವೆ; ಗೆದ್ದ ಕಾಲೇಜು ಬಟ್ಟಲನ್ನು ಹೊತ್ತು ತಂದು ಪ್ರಿನ್ಸಿಪಾಲರ ಕೊಠಡಿಯ ಗಾಜಿನ ಬೀರುವಿನಲ್ಲಿಡುತ್ತದೆ; ಅಲ್ಲಿಗೆ ಅದರ ಯಾತ್ರೆ ಮುಗಿಯಿತು. ಮುಂದಿನ ದಾರಿ ಹಿಡಿಯುವವರು ಹಲವು ಕಾಲೇಜುಗಳಿಂದ ಆರಿಸಿ ತೆಗೆದ ಹದಿನೆಂಟು ಜನ ಆಟಗಾರರು. ಗೆದ್ದ ಕಾಲೇಜಿನವರು ಅವರಲ್ಲಿ ಐದಾರು ಮಂದಿ ಇರಬಹುದು, ಒಬ್ಬನೂ ಇಲ್ಲದಿರಬಹುದು. ಇದ್ದವರೂ ಕಾಲೇಜಿನ ಅಂಗಿಯನ್ನು ಕಳಚಿಟ್ಟು ವಿಶ್ವವಿದ್ಯಾನಿಲಯದ ಅಂಗಿಯನ್ನು ತೊಡಬೇಕು. ಪತ್ರಿಕೆಯ ಕ್ರೀಡಾಪುಟದಲ್ಲಿ ತಮ್ಮ ಬಡಾವಣೆಯ ಕಾಲೇಜು ಗೆದ್ದ ಸುದ್ದಿಯನ್ನೋದಿ ಹಿಗ್ಗಿ, ಮುಂದೆ ಆ ಹೆಸರು ಎಲ್ಲಿ ಮಾಯವಾಯಿತೆಂದು ಹುಡುಕುವ ವಾಚಕರಿಗೆ ಉತ್ತರವಿಷ್ಟೆ.

ನಾನು ಕನ್ನಡದ ಅಧ್ಯಾಪಕ. ಮೈದಾನಕ್ಕೂ ನನಗೂ ನಂಟು ಬೆಳೆದದ್ದು ಹಾಜರಿ ಪುಸ್ತಕದ ಮೂಲಕ. ಪಂದ್ಯಕ್ಕೆ ಹೋದ ಹುಡುಗರಿಗೆ ಹಾಜರಿ ಕೊಡಬೇಕೆ ಬೇಡವೆ ಎಂಬ ಚರ್ಚೆಯಲ್ಲಿ ಸಿಕ್ಕಿಕೊಂಡು, ಕೊನೆಗೆ ಕಾಲೇಜಿನ ಕ್ರೀಡಾ ಸಮಿತಿಯ ಸದಸ್ಯನೂ ಆದೆ. ಕನ್ನಡದ ಕಿವಿಗೆ 'ಹಾಕಿ' ಎಂಬುದು ಆಟದ ಹೆಸರಿಗಿಂತ ಮೊದಲು ಕ್ರಿಯಾಪದವಾಗಿ ಕೇಳಿಸುತ್ತದೆ. ಚೆಂಡನ್ನು ಒಳಗೆ ಹಾಕಿ, ಬಟ್ಟಲನ್ನು ಚೀಲಕ್ಕೆ ಹಾಕಿ, ಅರ್ಜಿಯನ್ನು ಕಚೇರಿಗೆ ಹಾಕಿ! ಈ ಮೂರನೆಯ ಹಾಕುವಿಕೆಯೇ ಆಟಕ್ಕಿಂತ ಕಠಿನವಾದದ್ದೆಂದು ಸಮಿತಿಯ ಕೆಲಸ ನನಗೆ ಕಲಿಸಿತು. ಅದರ ಮಾತು ಮುಂದೆ ಬರುತ್ತದೆ.

ಕಾಲೇಜು ಆಡಿ ಗೆಲ್ಲುವುದು, ವಿಶ್ವವಿದ್ಯಾನಿಲಯ ಹೊರಗೆ ಹೋಗುವುದು ಎಂಬ ಈ ವ್ಯವಸ್ಥೆ ಇಂಗ್ಲೆಂಡಿನ ಹಳೆಯ ವಿದ್ಯಾಪೀಠಗಳಲ್ಲಿ ಬೆಳೆದದ್ದು. ಆಕ್ಸ್‌ಫರ್ಡಿನಲ್ಲೂ ಕೇಂಬ್ರಿಜ್ಜಿನಲ್ಲೂ ಕಾಲೇಜುಗಳು ಒಳಗೊಳಗೇ ಕಾದಾಡುತ್ತವೆ. ಆದರೆ 1890ರಿಂದ ಆ ಎರಡರ ನಡುವೆ ನಡೆದುಬಂದಿರುವ ಹಾಕಿ ಪಂದ್ಯದಲ್ಲಿ ಆಡುವುದು ವಿಶ್ವವಿದ್ಯಾನಿಲಯಗಳ ತಂಡ. ಆ ಪಂದ್ಯದಲ್ಲಿ ಆಡಿದವನಿಗೆ 'ಬ್ಲೂ' ಎಂಬ ಗೌರವ. ಛೋಟಾ ನಾಗಪುರದ ಮುಂಡಾ ಜನಾಂಗದ ಹುಡುಗ ಜೈಪಾಲ್ ಸಿಂಗ್ ಆಕ್ಸ್‌ಫರ್ಡಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಓದಿ ಈ ಬ್ಲೂ ಪಡೆದವನು. 1928ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಭಾರತ ತನ್ನ ಮೊದಲ ಒಲಿಂಪಿಕ್ ಹಾಕಿ ಚಿನ್ನವನ್ನು ಗೆದ್ದಾಗ ತಂಡದ ನಾಯಕನಾಗಿದ್ದವನು ಅವನೇ. ಸೇಂಟ್ ಜಾನ್ಸಿನ ಹೆಸರನ್ನು ಹಾಕಿಯ ಸಂಬಂಧದಲ್ಲಿ ಈಗ ಯಾರೂ ನೆನೆಯುವುದಿಲ್ಲ. ಆಕ್ಸ್‌ಫರ್ಡ್ ಎಂದಷ್ಟೇ ಹೇಳುತ್ತಾರೆ. ಕಾಲೇಜು ಕರಗಿ ವಿಶ್ವವಿದ್ಯಾನಿಲಯ ಉಳಿಯುವ ಈ ಪದ್ಧತಿಯನ್ನು ನಮ್ಮವರು ಪಠ್ಯಕ್ರಮದ ಜೊತೆಯಲ್ಲೇ ಬರಮಾಡಿಕೊಂಡರು.

ಬೆಂಗಳೂರಿನಲ್ಲಿ ಮಾತ್ರ ಈ ಕಥೆಗೆ ಒಂದು ವಿಚಿತ್ರವಾದ ತಿರುವುಂಟು. ನಾನು ವಾಸವಾಗಿರುವ ಇಂದಿರಾನಗರ 1970ರ ದಶಕದ ಕೊನೆಯಲ್ಲಿ ರೂಪುಗೊಂಡ ಬಡಾವಣೆ. ಹಳೆಯ ಊರಿನ ದೃಷ್ಟಿಯಲ್ಲಿ ನಿನ್ನೆ ಮೊನ್ನೆಯದು. ಆದರೆ ಇದರ ನೆರೆಹೊರೆ ಹಳೆಯದು. ಪಶ್ಚಿಮಕ್ಕೆ ಹಲಸೂರು ಕೆರೆ. ಅದರ ಮಗ್ಗುಲಲ್ಲಿ 1834ರಿಂದ ಬೆಂಗಳೂರಿನಲ್ಲಿ ನೆಲೆನಿಂತ ಮದ್ರಾಸ್ ಸ್ಯಾಪರ್ಸ್ ದಳದ ಕೇಂದ್ರ. ಈ ಭಾಗವನ್ನು ನಮ್ಮ ಹಿರಿಯರು 'ದಂಡು' ಎಂದು ಕರೆದರು; ರೈಲು ನಿಲ್ದಾಣದ ಫಲಕದಲ್ಲಿ ಆ ಹೆಸರು ಇನ್ನೂ ಉಳಿದಿದೆ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡನ್ನು ಊರಿದರು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗಲೂ ದಂಡಿನ ಪ್ರದೇಶವನ್ನು ತಮ್ಮ ಕೈಯಲ್ಲೇ ಉಳಿಸಿಕೊಂಡರು. ಅದು ಮೈಸೂರಿಗೆ ಮರಳಿದ್ದು 1947ರ ಜುಲೈ ತಿಂಗಳಿನಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ದಿನ ಮುಂಚೆ.

ಹಾಗಾಗಿ ಕಬ್ಬನ್ ಪಾರ್ಕಿನ ಆಚೆ ಈಚೆ ಎರಡು ಬೆಂಗಳೂರುಗಳಿದ್ದವು. ವಿದ್ಯೆಯ ಮಟ್ಟಿಗೆ ಎರಡು ದೊರೆತನಗಳಿದ್ದವು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮೈಸೂರಿನ ಮಹಾರಾಜಾ ಕಾಲೇಜೂ ಅದರ ಎರಡು ಕಣ್ಣುಗಳಾದವು. 1882ರಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ಸೇಂಟ್ ಜೋಸೆಫ್ ಕಾಲೇಜು ದಂಡಿನ ಆಡಳಿತಕ್ಕೆ ಸೇರಿದ್ದರಿಂದ ಮದರಾಸು ವಿಶ್ವವಿದ್ಯಾನಿಲಯವನ್ನೇ ನೋಡಿಕೊಂಡಿತ್ತು. ಎರಡು ಕಾಲೇಜುಗಳ ನಡುವೆ ಕಾಲುನಡಿಗೆಯ ದೂರ. ಆದರೂ ಒಂದರ ಹುಡುಗನಿಗೆ ದಾರಿ ಮೈಸೂರಿನ ಕಡೆಗೆ, ಇನ್ನೊಂದರ ಹುಡುಗನಿಗೆ ಮದರಾಸಿನ ಕಡೆಗೆ. ದಂಡು ಮೈಸೂರಿಗೆ ಮರಳಿದ ಮೇಲೆ ಆ ಕಾಲೇಜು ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯಕ್ಕೂ, 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಅದರ ಆಶ್ರಯಕ್ಕೂ ಬಂದಿತು. ಕಾಲೇಜು ಕದಲಲಿಲ್ಲ, ಮೈದಾನ ಕದಲಲಿಲ್ಲ. ಹೆಬ್ಬಾಗಿಲು ಮಾತ್ರ ಊರೂರು ಸುತ್ತಿತು. ಈ ಸುತ್ತಾಟ ಇನ್ನೂ ನಿಂತಿಲ್ಲವೆಂಬುದನ್ನು ಮುಂದೆ ನೋಡೋಣ.

ದಂಡಿನಲ್ಲಿ ಹಾಕಿ ಬೇರೂರಿದ್ದು ಕಾಲೇಜುಗಳಿಂದಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಸಿಪಾಯಿಗಳು ಆಡಿದರು, ಆಂಗ್ಲೋ ಇಂಡಿಯನ್ ಶಾಲೆಗಳ ಹುಡುಗರು ಆಡಿದರು, ಅವರನ್ನು ಬೇಲಿಯ ಹೊರಗಿನಿಂದ ನೋಡಿದ ಹಲಸೂರು, ಮರ್ಫಿ ಟೌನ್, ಆಸ್ಟಿನ್ ಟೌನಿನ ಮಕ್ಕಳು ಮರದ ಕೊಂಬೆ ಬಗ್ಗಿಸಿಕೊಂಡು ಆಡಿದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ದೇಶಮುತ್ತು, ಮುನಿಸ್ವಾಮಿ ರಾಜಗೋಪಾಲ್ ಎಂಬ ಈ ಊರ ನಂಟಿನ ಇಬ್ಬರಿದ್ದರು. 1973ರ ವಿಶ್ವಕಪ್ಪಿನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕ, ಕೊಡಗಿನ ಎಂ. ಪಿ. ಗಣೇಶ್, ಸೇನೆಯ ತಂಡದಲ್ಲಿ ಆಡಿ ಮೇಲೆ ಬಂದವರು. ಸೇನೆ, ರೈಲ್ವೆ, ಪೊಲೀಸು, ಬ್ಯಾಂಕು — ಇವೇ ಹಾಕಿಯ ಅನ್ನದಾತರು. ಕಾಲೇಜೆಂಬುದು ಆ ಅನ್ನದಾತರ ಬಾಗಿಲಿಗೆ ಹೋಗುವ ಒಂದು ಓಣಿ. ಓಣಿಯ ತುದಿಯಲ್ಲಿ ನಿಂತಿರುವ ದ್ವಾರಪಾಲಕನೇ ವಿಶ್ವವಿದ್ಯಾನಿಲಯ.

ಅಖಿಲ ಭಾರತದ ಮಟ್ಟದಲ್ಲಿ ಈ ವ್ಯವಸ್ಥೆಯ ಬುನಾದಿ ಬಿದ್ದದ್ದು 1925ರಲ್ಲಿ. ಆ ವರ್ಷ ಗ್ವಾಲಿಯರಿನಲ್ಲಿ ಭಾರತೀಯ ಹಾಕಿ ಫೆಡರೇಶನ್ ಹುಟ್ಟಿತು. ಅದೇ ವರ್ಷ ದೇಶದ ವಿಶ್ವವಿದ್ಯಾನಿಲಯಗಳು ಸೇರಿ ಅಂತರ ವಿಶ್ವವಿದ್ಯಾನಿಲಯ ಮಂಡಲಿಯನ್ನು ಕಟ್ಟಿಕೊಂಡವು. ಎರಡಕ್ಕೂ ಸಂಬಂಧವಿಲ್ಲದಿದ್ದರೂ ಒಂದೇ ವರ್ಷದ ಈ ಅವಳಿ ಜನನ ನನಗೆ ಸೊಗಸಾಗಿ ತೋರುತ್ತದೆ. ಫೆಡರೇಶನ್ನು 1928ರಲ್ಲಿ ಕಲ್ಕತ್ತೆಯಲ್ಲಿ ಪ್ರಾಂತ ಪ್ರಾಂತಗಳ ನಡುವೆ ಪಂದ್ಯಾವಳಿ ನಡೆಸಿ ಒಲಿಂಪಿಕ್ಸಿಗೆ ಆಟಗಾರರನ್ನು ಆರಿಸಿತು. ಮಂಡಲಿ ಮುಂದೆ ವಿಶ್ವವಿದ್ಯಾನಿಲಯಗಳ ನಡುವಣ ಆಟೋಟಗಳ ಹೊಣೆಯನ್ನು ಹೊತ್ತುಕೊಂಡಿತು. 1973ರಲ್ಲಿ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘವೆಂದು ಹೆಸರು ಬದಲಿಸಿಕೊಂಡಿತು. ಎಲ್ಲ ಆಟಗಳಲ್ಲೂ ಸೇರಿ ಮುಂದೆ ನಿಂತ ವಿಶ್ವವಿದ್ಯಾನಿಲಯಕ್ಕೆ ಮೌಲಾನಾ ಅಬುಲ್ ಕಲಾಂ ಆಜಾದರ ಹೆಸರಿನ ಟ್ರೋಫಿಯನ್ನು ಕೊಡುವ ಪದ್ಧತಿ 1956–57ರಲ್ಲಿ ಮೊದಲಾಯಿತು. ಅಲ್ಲಿಯೂ ಗಮನಿಸಿ, ಟ್ರೋಫಿ ವಿಶ್ವವಿದ್ಯಾನಿಲಯಕ್ಕೆ.

ಇಂದಿನ ಕ್ರಮ ಹೀಗಿದೆ. ಒಂದು ವಿಶ್ವವಿದ್ಯಾನಿಲಯದ ಕಾಲೇಜುಗಳು ಮೊದಲು ತಮ್ಮೊಳಗೆ ಆಡುತ್ತವೆ. ಆ ಪಂದ್ಯಗಳನ್ನು ನೋಡಿದ ಆಯ್ಕೆಗಾರರು ಕೆಲವರನ್ನು ಪರೀಕ್ಷೆಗೆ ಕರೆಯುತ್ತಾರೆ; ಅವರಲ್ಲಿ ಉಳಿದವರಿಗೆ ಶಿಬಿರ. ಆಟಗಾರ ಪೂರ್ಣಕಾಲದ ವಿದ್ಯಾರ್ಥಿಯಾಗಿರಬೇಕು, ವಯಸ್ಸು ಇಪ್ಪತ್ತೈದನ್ನು ಮೀರಿರಬಾರದು. ದೇಶವನ್ನು ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮವೆಂದು ನಾಲ್ಕು ವಲಯಗಳಾಗಿ ವಿಂಗಡಿಸಿದ್ದಾರೆ. ನಮ್ಮದು ದಕ್ಷಿಣ ವಲಯ. ಕರ್ನಾಟಕ, ತಮಿಳುನಾಡು, ಕೇರಳ, ಆಂಧ್ರ, ತೆಲಂಗಾಣಗಳ ವಿಶ್ವವಿದ್ಯಾನಿಲಯಗಳು ಇಲ್ಲಿ ಸೇರುತ್ತವೆ. ಸೋತವರು ಮನೆಗೆ ಎಂಬ ಕ್ರಮದಲ್ಲಿ ಆಟ ನಡೆದು ಕೊನೆಗೆ ನಾಲ್ಕು ತಂಡ ಉಳಿಯುತ್ತವೆ. ಆ ನಾಲ್ಕೂ ಪರಸ್ಪರ ಆಡಿ ಮೊದಲ ಸ್ಥಾನದಿಂದ ನಾಲ್ಕನೆಯದರವರೆಗೆ ನಿರ್ಣಯಿಸಿಕೊಳ್ಳುತ್ತವೆ. ಹೀಗೆ ನಾಲ್ಕು ವಲಯಗಳಿಂದ ನಾಲ್ಕು ನಾಲ್ಕರಂತೆ ಹದಿನಾರು ತಂಡಗಳು ಅಖಿಲ ಭಾರತ ಪಂದ್ಯಾವಳಿಗೆ ಅರ್ಹವಾಗುತ್ತವೆ. ಅಲ್ಲಿ ಮೇಲಿನ ಎಂಟು ಸ್ಥಾನ ಪಡೆದವರಿಗೆ ಇನ್ನೊಂದು ಬಾಗಿಲುಂಟು: 2020ರಲ್ಲಿ ಭುವನೇಶ್ವರದಲ್ಲಿ ಮೊದಲಾದ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟ.

ಸೋತವರು ಮನೆಗೆ ಎಂಬ ಭಾಗವೇ ಕ್ರೂರವಾದದ್ದು. ಒಂದು ವರ್ಷದ ಅಭ್ಯಾಸ, ಎರಡು ರಾತ್ರಿಯ ರೈಲು ಪ್ರಯಾಣ, ಯಾವುದೋ ಹಾಸ್ಟೆಲಿನ ನೆಲದ ಮೇಲೆ ಚಾಪೆ. ಬೆಳಿಗ್ಗೆ ಏಳು ಗಂಟೆಯ ಪಂದ್ಯದಲ್ಲಿ ಒಂದು ಪೆನಾಲ್ಟಿ ಕಾರ್ನರು ತಪ್ಪಿದರೆ ಸಂಜೆಯ ಗಾಡಿಗೆ ವಾಪಸು.

ಇಷ್ಟಕ್ಕೂ ಒಂದು ಅಂಗಿಗಾಗಿ ಇಷ್ಟು ಪಾಡೇಕೆ ಎಂದು ವಾಚಕರು ಕೇಳಬಹುದು. ಕೀರ್ತಿಗಾಗಿಯಲ್ಲ, ಅಂತರ ವಿಶ್ವವಿದ್ಯಾನಿಲಯ ಹಾಕಿಯನ್ನು ನೋಡಲು ನಮ್ಮೂರಿನಲ್ಲಿ ಎಷ್ಟು ಜನ ಸೇರುತ್ತಾರೆಂಬುದು ಎಲ್ಲರಿಗೂ ಗೊತ್ತು. ಕಾರಣ ಬೇರೆ. 1980ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಒಂದು ಆಜ್ಞೆಯುಂಟು. ಸರ್ಕಾರಿ ಹುದ್ದೆಗಳ ಕೆಳಗಿನ ದರ್ಜೆಗಳಲ್ಲಿ ಒಂದು ಪಾಲನ್ನು ಕ್ರೀಡಾಪಟುಗಳಿಗೆ ಕೊಡಬಹುದೆಂದು ಹೇಳಿ, ಯಾರನ್ನು ಕ್ರೀಡಾಪಟುವೆಂದು ಎಣಿಸಬೇಕೆಂಬುದನ್ನೂ ಅದು ವಿವರಿಸುತ್ತದೆ. ದೇಶವನ್ನೋ ರಾಜ್ಯವನ್ನೋ ಪ್ರತಿನಿಧಿಸಿದವರು, ಅಂತರ ವಿಶ್ವವಿದ್ಯಾನಿಲಯ ಪಂದ್ಯಾವಳಿಯಲ್ಲಿ ತಮ್ಮ ವಿಶ್ವವಿದ್ಯಾನಿಲಯವನ್ನು ಪ್ರತಿನಿಧಿಸಿದವರು, ಶಾಲೆಗಳ ರಾಷ್ಟ್ರೀಯ ಕೂಟದಲ್ಲಿ ರಾಜ್ಯದ ಶಾಲಾ ತಂಡದ ಪರ ಆಡಿದವರು ಎಂಬ ವರ್ಗಗಳುಂಟು. ಕಾಲೇಜನ್ನು ಪ್ರತಿನಿಧಿಸಿದವರು ಎಂಬ ವರ್ಗವೇ ಇಲ್ಲ. ಒಂದೊಂದು ವರ್ಗಕ್ಕೂ ಒಂದೊಂದು ನಮೂನೆ. ಮೂರನೆಯ ನಮೂನೆ ವಿಶ್ವವಿದ್ಯಾನಿಲಯದ್ದು. ಅದಕ್ಕೆ ಸಹಿ ಮಾಡಬೇಕಾದವರು ವಿಶ್ವವಿದ್ಯಾನಿಲಯದ ಕ್ರೀಡಾ ಮುಖ್ಯಸ್ಥರು. ಪ್ರಿನ್ಸಿಪಾಲರ ಸಹಿ ಎಷ್ಟೇ ಅಲಂಕಾರವಾಗಿದ್ದರೂ ಅಲ್ಲಿ ನಡೆಯದು.

'ಅರ್ಹತೆ' ಎಂಬ ನಮ್ಮ ಶಬ್ದಕ್ಕೆ ಸಂಸ್ಕೃತದ ಮೂಲದಲ್ಲಿ ಪೂಜೆಗೆ, ಗೌರವಕ್ಕೆ ತಕ್ಕವನಾಗುವುದೆಂದು ಅರ್ಥ. ಜಿನನೂ ಅರ್ಹಂತನೇ. ನಮ್ಮ ಆದಿಯ ಕವಿಗಳು ಆ ಪದವನ್ನು ಕೈಮುಗಿದು ಬಳಸಿದರು. ಈಗ ಅದು ಮೂರನೆಯ ನಮೂನೆಯ ಮೊಹರಿನೊಳಗೆ ಬಂದು ಕುಳಿತಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ತಂಡ ಅಂತರ ಕಾಲೇಜು ಪಂದ್ಯಾವಳಿಯನ್ನು ಗೆದ್ದಿತು. ಗೆಲ್ಲಿಸಿದವನು ಗೋಲ್ ಕೀಪರು, ಮರ್ಫಿ ಟೌನಿನ ದರ್ಜಿಯೊಬ್ಬರ ಮಗ. ಕೊನೆಯ ಪಂದ್ಯ ಸಮಸಮವಾಗಿ, ಒಬ್ಬೊಬ್ಬರಾಗಿ ಗೋಲಿಗೆ ನುಗ್ಗುವ ಘಟ್ಟಕ್ಕೆ ಬಂದಾಗ ಅವನು ಮೂವರನ್ನು ತಡೆದ. ಆಯ್ಕೆಯ ಪರೀಕ್ಷೆಗೆ ಹೋದ. ಇಬ್ಬರು ಕೀಪರುಗಳಿಗೆ ಮಾತ್ರ ಜಾಗ, ಸಿಕ್ಕಿದ್ದು ಬೇರೆ ಇಬ್ಬರಿಗೆ. ಆ ಇಬ್ಬರೂ ರಾಜ್ಯದ ಕಿರಿಯರ ತಂಡದಲ್ಲಿ ಆಡಿದ್ದವರು. ಆಯ್ಕೆಯಲ್ಲಿ ಅನ್ಯಾಯವೇನೂ ಇರಲಿಲ್ಲ. ನಮ್ಮೆದುರು ಸೋತ ಕಾಲೇಜಿನ ಮುಂಪಡೆಯ ಹುಡುಗನೊಬ್ಬ ಆಯ್ಕೆಯಾದ. ತಂಡ ವಲಯದ ಎರಡನೆಯ ಪಂದ್ಯದಲ್ಲೇ ಸೋತು ಬಂದಿತು. ಆದರೂ ಆ ಹುಡುಗನಿಗೆ ಮೂರನೆಯ ನಮೂನೆ ದೊರೆಯಿತು.

ನಮ್ಮ ಕೀಪರು ಪದವಿ ಮುಗಿದ ಮೇಲೆ ಒಂದು ದಿನ ಸ್ಟಾಫ್ ರೂಮಿಗೆ ಬಂದು, ಪ್ಲಾಸ್ಟಿಕ್ ಹೊದಿಸಿದ ಪ್ರಶಸ್ತಿ ಪತ್ರವನ್ನು ಮೇಜಿನ ಮೇಲಿಟ್ಟ.

"ಸಾರ್, ರೈಲ್ವೆಗೆ ಅರ್ಜಿ ಹಾಕ್ಬೇಕು. ಇದು ನಡೆಯುತ್ತಾ?"

ನಿಯಮವನ್ನು ಓದಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೆದ್ದಿದ್ದು ನಾವೇ ಅಲ್ವಾ ಸಾರ್?" ಎಂದ.

"ಹೌದಪ್ಪ, ನೀವೇ."

ಮತ್ತೇನನ್ನೂ ಅವನು ಕೇಳಲಿಲ್ಲ. ಈಗ ನೂರಡಿ ರಸ್ತೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಭಾನುವಾರ ಬೆಳಿಗ್ಗೆ ಪ್ಯಾಡು ಕಟ್ಟುತ್ತಾನೆ.

ಕಥೆ ಇಷ್ಟೇ ಆಗಿದ್ದರೆ ಆಟದಲ್ಲಿ ಇದ್ದದ್ದೇ ಎಂದು ಬಿಡಬಹುದಿತ್ತು. ಆದರೆ ದ್ವಾರಪಾಲಕನೇ ಒಡೆದು ಹಲವರಾಗಿರುವುದು ಈ ಮೂರು ದಶಕಗಳ ವಿಶೇಷ. 1996ರಲ್ಲಿ ವೈದ್ಯಕೀಯ ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವಾಗಿ ಬೇರ್ಪಟ್ಟವು. 1998ರಲ್ಲಿ ಇಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯಲ್ಲಿ ಕೇಂದ್ರವುಳ್ಳ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೆ ಸೇರಿದವು. 2008ರಲ್ಲಿ ಕ್ರೈಸ್ಟ್ ಕಾಲೇಜು ತಾನೇ ವಿಶ್ವವಿದ್ಯಾನಿಲಯದ ಸ್ಥಾನಮಾನ ಪಡೆಯಿತು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವೇ ಮೂರು ಪಾಲಾಯಿತು: ಜ್ಞಾನಭಾರತಿಯಲ್ಲಿ ಮೂಲದ್ದು, ಸೆಂಟ್ರಲ್ ಕಾಲೇಜಿನ ಆವರಣದಲ್ಲಿ ಬೆಂಗಳೂರು ಕೇಂದ್ರ ಎಂಬ ಹೆಸರಿನಿಂದ ಹುಟ್ಟಿದ್ದು, ಕೋಲಾರದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯ. ನಗರದ ಪೂರ್ವಭಾಗದ ಹಲವು ಕಾಲೇಜುಗಳು ಈ ಕೋಲಾರದ ಪಾಲಿಗೆ ಹೋದವು. ಪೂರ್ವದಲ್ಲಿರುವುದು ಉತ್ತರವಾದದ್ದು ಹೇಗೆಂದು ಭೂಗೋಳದ ಅಧ್ಯಾಪಕರನ್ನು ಕೇಳಬೇಕು. 2022ರಲ್ಲಿ ಸೇಂಟ್ ಜೋಸೆಫ್ ಕಾಲೇಜೂ ವಿಶ್ವವಿದ್ಯಾನಿಲಯವಾಯಿತು. ಮದರಾಸು, ಮೈಸೂರು, ಬೆಂಗಳೂರು ಎಂದು ಅಂಗಿ ಬದಲಿಸುತ್ತ ಬಂದ ಕಾಲೇಜು ಒಂದು ನೂರ ನಲವತ್ತು ವರ್ಷಗಳ ಮೇಲೆ ತನ್ನ ಹೆಸರಿನ ಅಂಗಿಯನ್ನೇ ಹೊಲಿಸಿಕೊಂಡಿತು.

ಇದರಿಂದ ಏನಾಗಿದೆಯೆಂಬುದನ್ನು ನಮ್ಮ ಬೀದಿಯಲ್ಲೇ ನೋಡಬಹುದು. ಇಲ್ಲಿನ ನಾಲ್ವರು ಹುಡುಗರು ಭಾನುವಾರ ಒಂದೇ ಕಡೆ ಸೇರಿ ಆಡುತ್ತಾರೆ. ಕಾಮರ್ಸ್ ಓದುವವನ ಬಾಗಿಲು ಕೋಲಾರದಲ್ಲಿದೆ. ಇಂಜಿನಿಯರಿಂಗಿನವನ ಬಾಗಿಲು ಬೆಳಗಾವಿಯಲ್ಲಿದೆ. ಫಿಸಿಯೋಥೆರಪಿ ಓದುವವನು ಆರೋಗ್ಯ ವಿಶ್ವವಿದ್ಯಾನಿಲಯದವನು. ನಾಲ್ಕನೆಯವನ ಕಾಲೇಜೇ ವಿಶ್ವವಿದ್ಯಾನಿಲಯ. ದಕ್ಷಿಣ ವಲಯದಲ್ಲಿ ಈ ನಾಲ್ವರೂ ಎದುರಾಳಿಗಳು. ಹಿಂದೆ ಸೆಂಟ್ರಲ್ ಕಾಲೇಜು, ಸೇಂಟ್ ಜೋಸೆಫ್, ಇಂಜಿನಿಯರಿಂಗ್, ವೈದ್ಯಕೀಯ ಎಲ್ಲವನ್ನೂ ಸೋಸಿ ಒಂದು ತಂಡ ಕಟ್ಟುತ್ತಿದ್ದರು. ಆ ತಂಡದಲ್ಲಿ ಜಾಗ ಸಿಗುವುದು ದುರ್ಲಭ, ಸಿಕ್ಕರೆ ತಂಡ ಗಟ್ಟಿ. ಈಗ ಜಾಗಗಳು ಹೆಚ್ಚಿವೆ, ತಂಡಗಳು ತೆಳುವಾಗಿವೆ. ಇದನ್ನು ಅವನತಿಯೆಂದು ಗೊಣಗುವ ಹಿರಿಯರಿದ್ದಾರೆ. ನಾನು ಅವರ ಪಕ್ಷದವನಲ್ಲ. ಹಳೆಯ ಕಾಲದ ಒಂದೇ ತಂಡದಲ್ಲಿ ದರ್ಜಿಯ ಮಗನಿಗೆ ಜಾಗ ಸಿಗುತ್ತಿತ್ತೆಂದು ನನಗೆ ನಂಬಿಕೆಯಿಲ್ಲ. ಹೆಚ್ಚು ಬಾಗಿಲುಗಳೆಂದರೆ ಹೆಚ್ಚು ಹುಡುಗರ ಕೈಗೆ ಮೂರನೆಯ ನಮೂನೆ.

ಆದರೆ ಬಾಗಿಲುಗಳು ಸಮನಾಗಿಲ್ಲವೆಂಬುದು ನನ್ನ ತಕರಾರು. ಕಾಲೇಜೊಂದೇ ವಿಶ್ವವಿದ್ಯಾನಿಲಯವಾದರೆ ಅದು ತನ್ನ ಆಟಗಾರರನ್ನು ಪ್ರವೇಶದ ದಿನದಿಂದಲೇ ಆರಿಸಿಟ್ಟುಕೊಳ್ಳಬಹುದು, ಶುಲ್ಕ ಬಿಟ್ಟು ಕರೆತರಬಹುದು, ವರ್ಷವೆಲ್ಲ ಒಟ್ಟಿಗೆ ಆಡಿಸಬಹುದು. 2022ರ ಏಪ್ರಿಲ್–ಮೇಯಲ್ಲಿ ಎರಡನೆಯ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕೂಟ ಬೆಂಗಳೂರಿನ ಜೈನ್ ವಿಶ್ವವಿದ್ಯಾನಿಲಯದ ಆತಿಥ್ಯದಲ್ಲಿ ನಡೆದಾಗ ಪದಕಗಳ ಪಟ್ಟಿಯಲ್ಲಿ ಮೊದಲು ನಿಂತದ್ದೂ ಅದೇ. ತಪ್ಪೇನೂ ಇಲ್ಲ, ಶ್ರದ್ಧೆಗೆ ಫಲ ಬೇ‌ಕು. ಮೂರು ಜಿಲ್ಲೆಗಳಲ್ಲಿ ಹರಡಿದ ಕಾಲೇಜುಗಳಿಂದ ಹದಿನೆಂಟು ಜನರನ್ನು ಹೆಕ್ಕಿ, ಕೆಲವೇ ದಿನದ ಶಿಬಿರದಲ್ಲಿ ಒಬ್ಬರ ಹೆಸರು ಇನ್ನೊಬ್ಬರಿಗೆ ಪರಿಚಯವಾಗುವ ಹೊತ್ತಿಗೆ ರೈಲು ಹತ್ತಿಸುವ ತಂಡ ಅದರೆದುರು ನಿಲ್ಲುವುದು ಹೇಗೆ?

ನೆಲದ ಪ್ರಶ್ನೆಯೂ ಇದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಮೊದಲ ಬಾರಿ ಕೃತಕ ಹುಲ್ಲಿನ ಮೇಲೆ ಹಾಕಿ ಆಡಿಸಿದರು. ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಅಂದಿನಿಂದ ಮಣ್ಣಿನ ಮೈದಾನದ ಆಟವೇ ಬೇರೆ, ದೊಡ್ಡ ಪಂದ್ಯಗಳ ಆಟವೇ ಬೇರೆ. ನಗರದ ನಡುವಿನ ಹಾಕಿ ಕ್ರೀಡಾಂಗಣ, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿನದು, ಇರುವುದು ಹಳೆಯ ಅಕ್ಕಿತಿಮ್ಮನಹಳ್ಳಿ ಕೆರೆಯ ಅಂಗಳದಲ್ಲಿ. ಕೆರೆಯನ್ನು ಒಣಗಿಸಿ ಹಾಸಿದ ಹುಲ್ಲಿಗೆ ಪಂದ್ಯದ ಮುನ್ನ ನೀರು ಹಾಯಿಸಬೇಕು! ಮಣ್ಣಿನಲ್ಲಿ ಕಲಿತ ಹುಡುಗ ಒದ್ದೆ ಹುಲ್ಲಿನ ಮೇಲೆ ಚೆಂಡು ಸುಳಿದುಹೋಗುವ ವೇಗಕ್ಕೆ ಕಣ್ಣು ಹೊಂದಿಸಿಕೊಳ್ಳುವಷ್ಟರಲ್ಲಿ ಆಯ್ಕೆ ಮುಗಿದಿರುತ್ತದೆ.

ಕಾಲೇಜನ್ನು ಕರಗಿಸದೆಯೇ ರಾಷ್ಟ್ರೀಯ ಪಂದ್ಯ ನಡೆಸಲಾಗದೆ? ಅಮೆರಿಕೆಯಲ್ಲಿ ನಡೆಸುತ್ತಾರೆ. ಅಲ್ಲಿ ಹಾಕಿಯೆಂದರೆ ಮಂಜುಗಡ್ಡೆಯ ಮೇಲಿನ ಆಟ. 1948ರಲ್ಲಿ ನಾಲ್ಕು ತಂಡಗಳೊಂದಿಗೆ ಮೊದಲಾದ ಅವರ ಕಾಲೇಜು ಪಂದ್ಯಾವಳಿಯಲ್ಲಿ ಈಗ ಹದಿನಾರು ತಂಡಗಳು. ನೆರೆಯ ಕಾಲೇಜುಗಳ ಕೂಟಗಳಲ್ಲಿ ಗೆದ್ದವರು ನೇರವಾಗಿ ಬರುತ್ತಾರೆ. ಮಿಕ್ಕ ಜಾಗಗಳನ್ನು ಇಡೀ ವರ್ಷದ ಸೋಲುಗೆಲುವುಗಳ ಲೆಕ್ಕ ಹಾಕಿ ತುಂಬುತ್ತಾರೆ. ಒಂದು ಬೆಳಗಿನ ಸೋಲಿನಿಂದ ವರ್ಷವೆಲ್ಲ ಮುಳುಗುವುದಿಲ್ಲ. ಅಂಗಿಯೂ ಬದಲಾಗುವುದಿಲ್ಲ. ಸಾವಿರಾರು ಕಾಲೇಜುಗಳ ನಮ್ಮ ದೇಶಕ್ಕೆ ಅದನ್ನು ಹಾಗೆಯೇ ತರಲಾಗದೆಂಬುದನ್ನು ಬಲ್ಲೆ. ಆದರೆ ಪ್ರತಿ ವಿಶ್ವವಿದ್ಯಾನಿಲಯದಲ್ಲೂ ಗೆದ್ದ ಕಾಲೇಜುಗಳನ್ನು ಸೇರಿಸಿ ರಾಜ್ಯಮಟ್ಟದಲ್ಲಾದರೂ ಒಂದು ಪಂದ್ಯಾವಳಿ ನಡೆಸಿ, ಅಲ್ಲಿ ಆಡಿದವರಿಗೂ ನಮೂನೆಯೊಂದನ್ನು ಗೊತ್ತುಮಾಡುವುದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ.

ಅಲ್ಲಿಯವರೆಗೆ, ಹಾಕಿ ಆಡುವ ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸುವ ತಾಯಿತಂದೆಗಳು ಅರ್ಜಿಯ ಕಿಟಕಿಯಲ್ಲಿ ಶುಲ್ಕ, ಬಸ್ಸು, ಹಾಸ್ಟೆಲುಗಳನ್ನು ವಿಚಾರಿಸಿದ ಮೇಲೆ ಇನ್ನು ಮೂರು ಪ್ರಶ್ನೆ ಕೇಳುವುದು ಒಳ್ಳೆಯದು. ಈ ಕಾಲೇಜು ಯಾವ ವಿಶ್ವವಿದ್ಯಾನಿಲಯದ್ದು, ಆ ವಿಶ್ವವಿದ್ಯಾನಿಲಯ ಹಾಕಿ ತಂಡವನ್ನು ಪ್ರತಿ ವರ್ಷವೂ ವಲಯಕ್ಕೆ ಕಳಿಸುತ್ತದೆಯೆ, ಆಯ್ಕೆಯ ಪರೀಕ್ಷೆ ಎಲ್ಲಿ ನಡೆಯುತ್ತದೆ? ಕಿಟಕಿಯ ಗುಮಾಸ್ತರಿಗೆ ಉತ್ತರ ಗೊತ್ತಿರಲಾರದು. ದೈಹಿಕ ಶಿಕ್ಷಣದ ಅಧ್ಯಾಪಕರು ಸಾಮಾನ್ಯವಾಗಿ ಹಿಂಬದಿಯ ಉಗ್ರಾಣದ ಬಳಿ, ಕೋಲುಗಳನ್ನು ಎಣಿಸುತ್ತ ಇರುತ್ತಾರೆ, ಅವರನ್ನು ಕೇಳಬೇಕು.